ಜಲಜಾಳ ಡಿ-ಸೆರೀನ್

ಅತ್ತಿಗುಪ್ಪೆಯ ಜಲಜಾ ಮಾತಿನ ಮಲ್ಲಿ. ಮೆಟ್ರೋದಲ್ಲಿ ಪಕ್ಕ ಕೂತವರು ಇಳಿಯುವಷ್ಟರಲ್ಲಿ ಅವರ ಮನೆ ಸಮಾಚಾರವೆಲ್ಲ ಇವಳ ಕಿವಿಯಲ್ಲಿ. ಅಂಥವಳ ತಮ್ಮ ಮುರಳೀಕೃಷ್ಣ, ಸ್ಕಿಜೋಫ್ರೇನಿಯಾ ಬಂದ ಮೇಲೆ, ತುಟಿ ಬಿಚ್ಚದೆ ಕೂತುಬಿಟ್ಟಿದ್ದ. ಮಾತ್ರೆಗಳಿಂದ ಅವನಿಗೆ ಕೇಳಿಸುತ್ತಿದ್ದ ದನಿಗಳೇನೋ ನಿಂತವು, ಅವನ ದನಿ ಮಾತ್ರ ಮರಳಲಿಲ್ಲ. ಒಂದು ಸಲ ಅವನು ಬಾಯಿತುಂಬ ಮಾತಾಡಿದರೆ ಸಾಕೆಂದು ಅಕ್ಕನ ಜೀವ ಹಂಬಲಿಸುತ್ತಿತ್ತು.

ಅವಳಿಗೆ ಕೆಂಗೇರಿಯ ಒಂದು ಪ್ರಯೋಗಾಲಯದಲ್ಲಿ ಕೆಲಸ. ಮೆದುಳಿನ ಕೋಶಗಳು ಸುದ್ದಿ ದಾಟಿಸಲು ಡಿ-ಸೆರೀನ್ ಎಂಬ ಅಮೈನೋ ಆಮ್ಲ ನೆರವಾಗುತ್ತದೆ. ಈ ಕಾಯಿಲೆಯವರಲ್ಲಿ ಅದು ಕಡಿಮೆಯಿರಬಹುದೆಂಬ ಅನುಮಾನ ಹಳೆಯದು. ಅದನ್ನು ಕರಗಿಸಿ ಮುಗಿಸುವ ಕಿಣ್ವವೊಂದು ಮೂತ್ರಪಿಂಡದಲ್ಲೂ ಕಿರುಮೆದುಳಿನಲ್ಲೂ ಇದೆ. ಔಷಧಿ ಕೊಟ್ಟು ಆ ಕಿಣ್ವದ ಕೈ ಕಟ್ಟಿಹಾಕಿದರೆ ಮುಮ್ಮೆದುಳಿನಲ್ಲಿ ಡಿ-ಸೆರೀನ್ ಹೆಚ್ಚೀತೇ ಎಂದು ಇಲಿಗಳಲ್ಲಿ ನೋಡುತ್ತಿದ್ದರು. ಇಷ್ಟೆಲ್ಲ ವಟಗುಟ್ಟುವ ಜಲಜಾ ತಮ್ಮನ ವಿಷಯವನ್ನು ಅಲ್ಲಿ ಯಾರೊಬ್ಬರಿಗೂ ಹೇಳಿರಲಿಲ್ಲ.

ಇಲಿಯ ಜೀವ ಹೋದರೂ ಕಿಣ್ವ ಸುಮ್ಮನಿರುವುದಿಲ್ಲ. ಹಾಗಾಗಿ ಮುಮ್ಮೆದುಳನ್ನು ಐಸಿನ ಮೇಲೆ ಸರಸರನೆ ಎರಡು ಹೋಳು ಮಾಡಬೇಕು. ಒಂದನ್ನು ತೂಗಿ ಪರೀಕ್ಷೆಗೆ ಅರೆಯಬೇಕು, ಇನ್ನೊಂದನ್ನು ಮರುಪರೀಕ್ಷೆಗೆಂದು ಫ್ರೀಜರಿನಲ್ಲಿಡಬೇಕು. ಮೂತ್ರಪಿಂಡದಲ್ಲಿ, ಕಿರುಮೆದುಳಿನಲ್ಲಿ ಡಿ-ಸೆರೀನ್ ಚೆನ್ನಾಗಿ ಏರಿತು. ಮುಮ್ಮೆದುಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಕೊನೆಯ ಇಲಿಯ ಮುಮ್ಮೆದುಳಿನಲ್ಲಿ ಅದು ಇಮ್ಮಡಿಯಾಗಿ ಕಂಡಿತು. ಜಲಜಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಮನೆಗೆ ಓಡಿಬಂದು ತಮ್ಮನ ಭುಜ ಅಲುಗಾಡಿಸಿದಳು.

"ಏರಿದೆ ಕಣೋ ಮುರಳಿ! ನಿಂಗೂ ಔಷಧಿ ಬರತ್ತೆ ನೋಡ್ತಿರು!"

ಬೆಳಿಗ್ಗೆ ಆ ಸಂತೋಷವನ್ನು ಇನ್ನೊಮ್ಮೆ ಗಟ್ಟಿ ಮಾಡಿಕೊಳ್ಳಲು ಫ್ರೀಜರ್ ತೆರೆದಳು. ಉಳಿದಿರಬೇಕಾದ ಹೋಳು ಅಲ್ಲಿರಲಿಲ್ಲ. ಅವಸರದಲ್ಲಿ ಒಂದನ್ನೇ ತೂಗಿ, ಎರಡನ್ನೂ ಸೇರಿಸಿ ಅರೆದಿದ್ದಳು ಮಹರಾಯ್ತಿ. ಒಂದು ಹೋಳಿನ ತೂಕಕ್ಕೆ ಎರಡು ಹೋಳಿನ ಡಿ-ಸೆರೀನ್ ಸಿಕ್ಕಿ ಲೆಕ್ಕ ಇಮ್ಮಡಿಯಾಗಿತ್ತು, ಅಷ್ಟೇ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಸುಳ್ಳು ಲೆಕ್ಕದಿಂದ ತಮ್ಮನಿಗೆ ಬರುವುದಾದರೂ ಏನು? ಪ್ರಯೋಗದ ಹೊಣೆ ಹೊತ್ತಿದ್ದ ಮಧ್ವೇಶರ ಮುಂದೆ ಹೋಗಿ ನಿಂತಳು.

"ಸಾರ್, ಕೊನೇ ಇಲಿದು ತೆಗೆದುಬಿಡಿ. ಎರಡೂ ಹೋಳು ಒಟ್ಟಿಗೆ ಹಾಕ್ಬಿಟ್ಟಿದೀನಿ."

"ಹೋಗ್ಲಿ ಬಿಡಿ, ಹೇಳಿದ್ದು ಒಳ್ಳೇದಾಯ್ತು. ಅಲ್ಲಮ್ಮಾ, ಒಂದು ಇಲಿಗೆ ಯಾಕೆ ಹೀಗೆ ಅಳ್ತಿದೀರಾ?"

ಮಾತಿನ ಮಲ್ಲಿ ಕಣ್ಣೊರೆಸಿಕೊಂಡು ಐಸಿನ ಡಬ್ಬಿ ತೊಳೆಯಲು ಹೋದಳು.

ಸಂಜೆ ತಮ್ಮನ ಪಕ್ಕ ಕೂತಳು. "ನಿನ್ನೆ ಹೇಳಿದ್ದು ಸುಳ್ಳಾಗೋಯ್ತು ಕಣೋ," ಅಂದಳು. ಅವನು ಕಿಟಕಿಯ ಕಡೆಗೇ ನೋಡುತ್ತಿದ್ದ. ನಿನ್ನೆ ನೀನು ಏನು ಹೇಳಿದ್ದೆ ಅಕ್ಕಾ ಎಂದಾದರೂ ಇವನು ಕೇಳಬಾರದೇ ಎಂದುಕೊಂಡು, ಜಲಜಾ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು.