ಸಿಪ್ಪೆಯೊಳಗಿನ ಗುಲಾಬಿ

ಮೊನ್ನೆ ನಾನು ಎತ್ತಿಟ್ಟು ಮರೆತಿದ್ದ ದ್ರಾಕ್ಷಿ ಡಬ್ಬಿಯನ್ನು ನನ್ನ ಮೊಮ್ಮಗಳು ತೆರೆದವಳೇ ಮೂಗು ಹಿಡಿದುಕೊಂಡಳು. "ಛೀ ಅಜ್ಜಿ, ಹುಳಿ ನಾರಾಕತ್ತೈತಿ!" ಐದು ವರ್ಷದ ಮೂಗು, ಎಷ್ಟು ಚುರುಕು ಅಂತೀರಿ! ಖುಷಿ ತಡೆಯಲಾರದೆ ಎತ್ತಿ ಮುದ್ದಾಡಿದೆ. ಆದರೆ ಆ ವಾಸನೆ ನನ್ನೊಳಗೂ ಹೋಗಿ ಎಲ್ಲೋ ಕುಕ್ಕಿತು...

ನಾನು ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಯ ಕೌಲ್ ಬಜಾರಿನ ಈ ಮನೆಗೆ ಬಂದಾಗ ಇನ್ನೂ ಬ್ರಿಟಿಷರ ಕಾಲ. ಪಕ್ಕದ ಮನೆಯ ಬಟ್ಲರ್ ಮಾಮ ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಅಡುಗೆಯವರು. ಹಿತ್ತಲಲ್ಲಿ ಒಂದು ದ್ರಾಕ್ಷಿ ಬಳ್ಳಿ ಬೆಳೆಸಿದ್ದರು. ಅದರ ಹಣ್ಣು ಹಿಸುಕಿ, ವರ್ಷಕ್ಕೊಂದು ಜಾಡಿ ವೈನು ಮಾಡಿ ಚರ್ಚಿನ ಪೂಜೆಗೆ ಕೊಡುತ್ತಿದ್ದರು. ಹೆಂಡತಿ ಹೋದ ಮೇಲೆ ಅವರಿಗೆ ಉಳಿದ ಸಂತೋಷ ಅದೊಂದೇ.

ಒಮ್ಮೆ ನನಗೊಂದು ಗೊಂಚಲು ಕೊಟ್ಟರು. ನಾನು ಸಿಪ್ಪೆ ಉಗುಳಿದ್ದು ನೋಡಿ ನಕ್ಕುಬಿಟ್ಟರು.

"ಶೇಂಗಾ ಅಂದ್ಕೊಂಡಿಯೇನವ್ವ, ಸಿಪ್ಪಿ ಒಗಿಯಾಕ? ವಾಸನಿ ರಸದಾಗ ಇಲ್ಲ, ಸಿಪ್ಪಿಯಾಗ ಐತಿ. ಸಾವಕಾಶ ಅಗಿ."

ಅಗಿದೆ. ತಡವಾಗಿ, ಬಾಯಿ ತುಂಬ ಗುಲಾಬಿ ಅರಳಿತು! ಅದೇ ವಾಸನೆ ವೈನಿಗೂ ಇಳಿಯಲಿ ಎಂದು ಮಾಮ, ಜಾಡಿಯಲ್ಲಿ ತೇಲಿದ ಸಿಪ್ಪೆಯನ್ನು ದಿನಕ್ಕೆರಡು ಸಲ ಸೌಟಿನಿಂದ ಕೆಳಗೊತ್ತುತ್ತಿದ್ದರು.

ಒಂದು ವರ್ಷ ಜ್ವರ ಬಂದು ಅವರ ಮೂಗು ಸತ್ತುಹೋಯಿತು. ನಾಲಿಗೆಗೂ ಏನೂ ಹತ್ತುತ್ತಿರಲಿಲ್ಲ. ಯಾರಿಗೂ ಹೇಳದೆ ನನ್ನನ್ನು ಕರೆದರು. ಜಾಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು.

"ನೋಡವ್ವ, ಗುಲಾಬಿ ಐತೇನು? ಕೆಟ್ಟಿದ್ರ ಹೇಳಿಬಿಡು, ಚೆಲ್ತೀನಿ. ಕೆಟ್ಟಿದ್ದು ಕೊಟ್ರ ಚರ್ಚಿನವ್ರು ಈ ಕೆಲಸ ಮತ್ತ ನನ್ನ ಕೈಗೆ ಕೊಡಂಗಿಲ್ಲ."

ಹುಳಿ ಘಾಟು ಕಣ್ಣಿಗೇ ಹೊಡೆಯಿತು. ಮಾಮ ಬಟ್ಟೆ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದರು...

"ಐತ್ರಿ ಮಾಮಾ, ಗುಲಾಬಿನ" ಅಂದುಬಿಟ್ಟೆ.

ಭಾನುವಾರ ಪಾದ್ರಿಗಳು ತುಟಿಗಿಟ್ಟವರು ಎಲ್ಲರೆದುರೇ ಮುಖ ಕಿವುಚಿದರಂತೆ. ಮುಂದಿನ ವರ್ಷದಿಂದ ವೈನು ಮದರಾಸಿನಿಂದ ಬಂತು. ಮಾಮ ನನ್ನನ್ನು ಬೈಯಲಿಲ್ಲ. ಬಹಳ ದಿನದ ಮೇಲೆ ಗೋಡೆಯಾಚೆಯಿಂದ ಒಮ್ಮೆ ಕೇಳಿದರು, "ಅವತ್ತು ನಿನಗೂ ನೆಗಡಿ ಆಗಿತ್ತೇನವ್ವ?"

"ಹೂಂರಿ" ಅಂದೆ. ಅದು ಎರಡನೆಯ ಸುಳ್ಳು.

ಆ ಬೇಸಿಗೆ ಅವರು ಬಳ್ಳಿಗೆ ನೀರು ಹಾಕಲಿಲ್ಲ. ಬಳ್ಳಿ ಒಣಗಿತು. ಸ್ವಲ್ಪ ದಿನಕ್ಕೆ ಮಾಮನೂ...

ಮೊನ್ನೆ ಮೊಮ್ಮಗಳಿಗೆ ಇನ್ನೊಮ್ಮೆ ಹೇಳು ಅಂದೆ. "ಹುಳಿ! ಹುಳಿ!" ಎಂದು ಕೂಗುತ್ತ ಮನೆಯೆಲ್ಲ ಕುಣಿದಳು. ನಕ್ಕೆ, ಕಣ್ಣೊರೆಸಿಕೊಂಡೆ. ಗೋಡೆಯಾಚೆ ಬಳ್ಳಿಯಿದ್ದ ಜಾಗದಲ್ಲಿ ಈಗ ಆಟೋ ರಿಪೇರಿ ಶೆಡ್ಡು. ಈ ಮಾತು ಕೇಳಬೇಕಾದವರು ಅಲ್ಲಿಲ್ಲ.