ನಿಮ್ಮ ಅವ್ವನ ಡಿಗ್ರಿ ಯಾವ ಹೆಸರಿನಲ್ಲಿದೆ

ಚಿನ್ನವ್ವ, ಗುಂಡ್ಯಾ,

ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆದು ಶುರು ಮಾಡುತ್ತಿದ್ದೇನೆ. ನಿಮ್ಮ ಶಾಲೆ ಮರಾಠಿಯದು. ಆದರೂ ಬೇಸಿಗೆ ರಜೆಗಳಲ್ಲಿ ನನ್ನ ಪಕ್ಕ ಕೂತು ಕನ್ನಡ ಅಕ್ಷರ ಕಲಿತಿದ್ದೀರಿ. ನಿಧಾನವಾಗಿಯಾದರೂ ಓದುತ್ತೀರಿ ಎಂಬ ಧೈರ್ಯ ನನಗಿದೆ. ಇದನ್ನೆಲ್ಲ ಬಾಯಿಂದಲೇ ಹೇಳಬಹುದಿತ್ತು. ಆದರೆ ನಿಮ್ಮ ಅಜ್ಜಿ ಎಂಥವಳೆಂದು ನಿಮಗೆ ಗೊತ್ತು. ಬೀಗರು ಬಂದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಮಾತಾಡಿಸುವವಳು. ಹಳ್ಳಿಯ ಶಾಲೆಯಲ್ಲಿ ಗುರುಗಳು ಪದ್ಯ ಹೇಳು ಅಂದಾಗ, ಪದ್ಯ ಬರುತ್ತಿದ್ದರೂ ಬಾಯಿ ತೆರೆಯದೆ ನೆಲ ನೋಡುತ್ತ ನಿಂತವಳು. ಇಂಥವಳು ಒಂದು ದಿನ ಸರಕಾರಿ ಕಚೇರಿಯಲ್ಲಿ ಎಲ್ಲರ ಮುಂದೆ ಮಾತಾಡಿದಳು. ಅದು ನಿಮ್ಮ ಅವ್ವನ ಡಿಗ್ರಿಗಾಗಿ. ಆ ಕಥೆ ಇದು.

ನೀವಿಬ್ಬರೂ ಆಗ ಸಣ್ಣವರು. ನಿಮ್ಮ ಅವ್ವ ಇಚಲಕರಂಜಿಯಲ್ಲಿ ನಮ್ಮ ಓಣಿಯ ಅಂಗನವಾಡಿ ಸೇವಿಕೆ. ಸೇವಿಕೆಯರಲ್ಲೇ ಕೆಲವರನ್ನು ಮೇಲ್ವಿಚಾರಕಿಯರಾಗಿ ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂತು. ಅದಕ್ಕೆ ಡಿಗ್ರಿ ಬೇಕು, ವಯಸ್ಸಿನ ಮಿತಿಯೂ ಇದೆ. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ಡಿಗ್ರಿ ಕೈಯಲ್ಲಿರದಿದ್ದರೆ, ಅದರಾಚೆ ನಿಮ್ಮ ಅವ್ವನ ವಯಸ್ಸು ಮೀರುತ್ತಿತ್ತು. ಅವಳು ಮದುವೆಗೆ ಮುಂಚೆ ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಓದಿ, ನಡುವೆಯೇ ಬಿಟ್ಟು ನಮ್ಮ ಮನೆಗೆ ಬಂದವಳು.

ನಿಮ್ಮ ಅಪ್ಪ ಆಗ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಮೈಗೆ ಹತ್ತಿದ ಗಂಜಿಯ ವಾಸನೆಯಲ್ಲೇ ಊಟಕ್ಕೆ ಕೂತಿದ್ದ.

"ಮೊದಲಿಂದ ಮೂರು ವರ್ಷ ಓದತೀಯೇನು? ಅಷ್ಟರಾಗ ನಿನ್ನ ವಯಸ್ಸು ದಾಟಿ ಹೋಗಿರ್ತೈತಿ" ಅಂದ. ಕುಹಕದ ಮಾತಲ್ಲ ಅದು. ಅವನಿಗೂ ದಾರಿ ಕಾಣುತ್ತಿರಲಿಲ್ಲ.

ಆ ವಾರ ನಿಮ್ಮ ಅವ್ವ ತಂದೆಯನ್ನು ನೋಡಲು ಗಡಹಿಂಗ್ಲಜಕ್ಕೆ ಹೋದಳು. ಅವಳ ಹಳೆಯ ಕಾಲೇಜಿನಲ್ಲೇ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ತೆರೆದಿತ್ತು. ಅಲ್ಲಿ ವಿಚಾರಿಸಿಕೊಂಡು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಅತ್ತೀ, ನಾ ಓದಿದ್ದು ಯಾವ್ದೂ ಹಾಳಾಗಿಲ್ಲಂತ್ರಿ. ಬ್ಯಾಂಕಿನ್ಯಾಗ ಇಡಾಕ ಬರ್ತೈತಂತ."

"ನಮಗ ಹೇಳಲಾರದ ಯಾವ ಬ್ಯಾಂಕಿನ್ಯಾಗ ಏನ ಇಡಾಕತ್ತೀ ನೀ?" ಅಂದೆ.

ಅವಳು ನಕ್ಕು ನನ್ನ ಎದುರು ಕೂತಳು. ನಾನು ಕೌದಿಗೆ ತುಂಡು ಹಾಸುತ್ತಿದ್ದೆ. ಹಳೆಯ ಸೀರೆ, ನಿಮ್ಮ ಅಜ್ಜನ ಧೋತರ, ಗುಂಡ್ಯಾನ ಗಿಡ್ಡವಾದ ಅಂಗಿ ಎಲ್ಲ ನೆಲದ ಮೇಲೆ ಹರಡಿದ್ದವು. ಅವಳು ಅವುಗಳಲ್ಲೇ ಒಂದು ದೊಡ್ಡ ತುಂಡು ಎತ್ತಿ ತೋರಿಸಿದಳು. ಇದು ಹಳೆಯ ಕಾಲೇಜಿನ ಓದು. ಆಮೇಲೆ ಇನ್ನೊಂದು. ಇದು ಮದುವೆಯಾದ ಮೇಲೆ ಮಾಡಿದ ಶಿಶುಪಾಲನೆಯ ಸರ್ಟಿಫಿಕೇಟು. ಓದಿದ ಒಂದೊಂದು ವಿಷಯಕ್ಕೂ ಕ್ರೆಡಿಟ್ ಎಂದು ಸಿಗುತ್ತದಂತೆ. ಎಲ್ಲಿ ಓದಿದರೂ ಅವು ಸರಕಾರದ ಒಂದು ಖಾತೆಗೆ ಬಂದು ಕೂಡುತ್ತವಂತೆ. ಕಡಿಮೆ ಬಿದ್ದದ್ದನ್ನು ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಸರಕಾರಿ ಪಾಠಗಳಿಂದ ತುಂಬಬಹುದಂತೆ. ಉಳಿದದ್ದು ಕೊನೆಯ ವರ್ಷದ ಓದು ಮಾತ್ರ.

"ಅಂದ್ರ ಇದು ಕೌದಿನಽ" ಅಂದೆ.

"ಹೌದ್ರಿ ಅತ್ತೀ. ನಾ ಚಲೋ ಚಲೋ ಪಾಠ ಹುಡುಕಿ ಇಟ್ಟೇನಿ. ಇತಿಹಾಸದ್ದು ಒಂದು, ಚಿತ್ರ ತಗಿಯೂದೊಂದು..."

"ಅಂಗಡ್ಯಾಗ ಬಣ್ಣ ನೋಡಿ ಅರಬಿ ತರಬ್ಯಾಡ. ಮೊದಲ ದೊಡ್ಡ ತುಂಡು ಹಾಸು. ಎಲ್ಲಿ ಖಾಲಿ ಉಳಿತೈತಿ ನೋಡು. ಆ ಖಾಲಿ ಎಷ್ಟೈತಿ ಅಷ್ಟಽ ಕತ್ತರಸು."

ನನಗೆ ಗೊತ್ತಿದ್ದದ್ದು ಕೌದಿ ಮಾತ್ರ, ಅದನ್ನೇ ಹೇಳಿದೆ. ಆದರೆ ಅವಳು ಕೇಂದ್ರದ ಸರ್ ಅವರಿಗೆ ಫೋನ್ ಮಾಡಿ, ಯಾವ ವಿಷಯ ಡಿಗ್ರಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಮೊದಲು ಕೇಳಿಕೊಂಡಳು. ಚಿತ್ರ ತೆಗೆಯುವ ಪಾಠ ಹೊಂದಲಿಲ್ಲ. ಮಕ್ಕಳ ಬೆಳವಣಿಗೆಯದೂ, ಗ್ರಾಮ ಪಂಚಾಯತಿಯ ಆಡಳಿತದ್ದೂ ಹೊಂದಿದವು. ಅವನ್ನೇ ಹಿಡಿದಳು.

ಆ ವರ್ಷ ನಮ್ಮ ಅಡುಗೆಮನೆಯೇ ಕಾಲೇಜಾಯಿತು. ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು, ಕಿವಿಗೆ ವಾಯರು ಸಿಕ್ಕಿಸಿಕೊಂಡು ನಿಮ್ಮ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ಗೋಡೆಯಾಚೆ ಮಗ್ಗಗಳು ಖಟಖಟ ಅನ್ನುತ್ತಿದ್ದವು. ಪಾಠದ ಮಾತು ಕೇಳದಿದ್ದರೆ ಹಿಂದೆ ಸರಿಸಿ ಮತ್ತೆ ಕೇಳುವಳು. ಅರ್ಥವಾದದ್ದನ್ನು ಕನ್ನಡದಲ್ಲಿ ನನಗೆ ಹೇಳುವಳು. ನನಗೆ ಹೇಳಿ ತಿಳಿಸಿದರೆ ಪರೀಕ್ಷೆಯಲ್ಲಿ ಬರೆಯಬಹುದು ಎಂಬುದು ಅವಳ ನಂಬಿಕೆ. ಗ್ರಾಮಸಭೆ ಯಾರು ಕರೆಯಬೇಕು ಎಂದು ಇವತ್ತೂ ನನ್ನನ್ನು ಕೇಳಿ ನೋಡಿರಿ, ಹೇಳುತ್ತೇನೆ. ಗುಂಡ್ಯಾ, ನೀನು ಫೋನಿನೊಳಗಿನ ಸರ್ ಅವರಿಗೆ ಬಿಸ್ಕೀಟು ತಿನ್ನಿಸಲು ಹೋಗಿ ಪರದೆಯನ್ನೆಲ್ಲ ಹಸಿ ಮಾಡಿದ್ದೆ. ಚಿನ್ನವ್ವ, ನೀನು ಮಾತ್ರ "ಅವ್ವಗ ಶಾಳಾ ಐತಿ, ಯಾರೂ ಒದರಬ್ಯಾಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದೆ.

ಎಲ್ಲ ಪರೀಕ್ಷೆಗಳೂ ಮುಗಿದವು. ಎಲ್ಲದರಲ್ಲೂ ಪಾಸಾದಳು. ಆದರೆ ಪೂರ್ತಿ ಡಿಗ್ರಿಯ ಫಲಿತಾಂಶ ಬರಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕಿ ಕೆಲಸಕ್ಕೆ ಅರ್ಜಿಯನ್ನೂ ಕರೆದರು. ಯಾಕೆ ಹೀಗಾಯಿತು ಎಂದು ಕೇಳಲು ಅವಳು ಕೊಲ್ಹಾಪುರದಲ್ಲಿದ್ದ ಮುಕ್ತ ವಿಶ್ವವಿದ್ಯಾಲಯದ ಕಚೇರಿಗೆ ಹೊರಟಳು. ಜೊತೆಗೆ ನಾನೂ ಹೋದೆ.

ಕಂಪ್ಯೂಟರಿನ ಮುಂದೆ ಕೂತ ಹುಡುಗ ಮರ್ಯಾದಸ್ಥ. ಬಹಳ ಹೊತ್ತು ನೋಡಿ ಮರಾಠಿಯಲ್ಲಿ ಹೇಳಿದ.

"ಮ್ಯಾಡಮ್, ಯಾ ದೋನ ಬಾಯಕಾ ಆಹೇತ."

ಇವರು ಇಬ್ಬರು ಹೆಂಗಸರು ಎಂದು ಅವನ ಮಾತು. ನಮ್ಮಿಬ್ಬರನ್ನು ಕುರಿತು ಹೇಳಿದನೆಂದು ನಾನು ತಲೆ ಅಲ್ಲಾಡಿಸಿದೆ. ಅವನು ಹೇಳಿದ್ದು ನಿಮ್ಮ ಅವ್ವನೊಬ್ಬಳ ಬಗ್ಗೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಲಿ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರಲ್ಲಿ ಮದುಮಗಳ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಅವಳಿಗೆ ಅದೇ ಹೆಸರು. ತಂದೆಯ ಹೆಸರು ಹೋಗಿ ಗಂಡನ ಹೆಸರು ನಡುವೆ ಬರುತ್ತದೆ. ಅಡ್ಡಹೆಸರೂ ಬದಲು. ಹೀಗಾಗಿ ಹತ್ತನೇ ತರಗತಿ, ಕಾಲೇಜು ಎಲ್ಲ ನಿಮ್ಮ ಅವ್ವನ ತವರಿನ ಹೆಸರಿನಲ್ಲಿದ್ದವು. ಆಧಾರ ಕಾರ್ಡು, ಶಿಶುಪಾಲನೆಯ ಸರ್ಟಿಫಿಕೇಟು, ಫೋನಿನ ಪಾಠಗಳು ನಮ್ಮ ಮನೆಯ ಹೆಸರಿನಲ್ಲಿ. ಪ್ರವೇಶದ ವೇಳೆ ಕಾಗದ ನೋಡಿದ ಮನುಷ್ಯರು ಇದನ್ನು ಸಹಜವೆಂದೇ ಒಪ್ಪಿದ್ದರು. ಅವರ ಮನೆಯ ಹೆಂಗಸರದೂ ಹಾಗೇ ಅಲ್ಲವೇ! ಕಂಪ್ಯೂಟರು ಒಪ್ಪಲಿಲ್ಲ. ಅರ್ಧ ಡಿಗ್ರಿ ಒಬ್ಬಳಿಗೆ, ಇನ್ನರ್ಧ ಇನ್ನೊಬ್ಬಳಿಗೆ. ಇಬ್ಬರಿಗೂ ಡಿಗ್ರಿ ಇಲ್ಲ.

ಒಂದು ಹೆಸರು ಆರಿಸಿ, ಪ್ರತಿಜ್ಞಾಪತ್ರ ಮಾಡಿಸಿ, ಸರಕಾರಿ ಗೆಜೆಟ್‌ನಲ್ಲಿ ಹಾಕಿಸಿರಿ ಎಂದು ಹುಡುಗ ದಾರಿ ಹೇಳಿ ಕಳಿಸಿದ.

ಬಸ್ ಸ್ಟ್ಯಾಂಡಿಗೆ ಬಂದು ಕೂತೆವು. ನಿಮ್ಮ ಅವ್ವ ನಿಮಗಾಗಿ ತೆಗೆದುಕೊಂಡ ಖಾರದ ಚುರುಮುರಿ ಭಡಂಗದ ಪುಡಿಕೆ ಮಡಿಲಲ್ಲಿ ಹಾಗೇ ಇತ್ತು.

"ಮದುವಿ ಹೆಸರು ಇಟ್ಕೊಂಡ್ರ ಹತ್ತನೇದರಿಂದ ಹಿಡದು ಎಲ್ಲಾ ತಿದ್ದಸಬೇಕ್ರಿ. ಬೋರ್ಡಿಗೆ ಅಡ್ಡಾಡೂದರಾಗ ಅರ್ಜಿ ಹಾಕೂ ದಿನಾ ಮುಗದು ಹೋಗಿರ್ತಾವ" ಅಂದಳು.

"ತವರಮನಿ ಹೆಸರು ಇಟ್ಕೊಂಡ್ರ?"

ಅವಳು ತಲೆ ತಗ್ಗಿಸಿದಳು. "ಆಧಾರ ತಿದ್ದಿಸಿದ್ರ ಉಳದದ್ದು ಲಗೂನ ತಿದ್ದತಾರಂತ."

"ಮತ್ತ ಅದನ್ನಽ ಮಾಡು. ಇದರಾಗ ಯೋಚನಿ ಮಾಡೂದು ಏನೈತಿ?"

"ಆದ್ರ ಅತ್ತೀ... ಅವತ್ತು ತಾಟ ಹಿಡದಾಕಿ ನೀವು."

ಹಿಡಿದವಳು ನಾನೇ. ಆಜರಾ ಊರಿನ ಸಣ್ಣಕ್ಕಿ, ಘಮಘಮ ಅನ್ನುತ್ತಿತ್ತು. ಮನೆಯ ಹಿರಿಯರೆಲ್ಲ ಕೂಡಿ ಆರಿಸಿದ ಚಂದದ ಹೆಸರು. ನಿಮ್ಮ ಅಪ್ಪ ಉಂಗುರ ಬೀಳಿಸಿಕೊಂಡು ಅಕ್ಕಿಯಲ್ಲಿ ಹುಡುಕಿದಾಗ ಎಲ್ಲರೂ ನಕ್ಕಿದ್ದೆವು. ನನಗೂ ಒಂದು ಕಾಲದಲ್ಲಿ ಹೀಗೆಯೇ ಹೆಸರಿಟ್ಟಿದ್ದರು. ನನ್ನ ಅವ್ವ ಇರುವ ತನಕ ಹಳೆಯ ಹೆಸರಿನಿಂದ ಕರೆಯುತ್ತಿದ್ದಳು. ಅವಳು ಹೋದ ಮೇಲೆ ಆ ಹೆಸರೂ ಹೋಯಿತು. ಒಮ್ಮೆ ಗಡಹಿಂಗ್ಲಜದ ಸಂತೆಯಲ್ಲಿ ಯಾರೋ ಆ ಹೆಸರನ್ನು ಕೂಗುತ್ತಲೇ ಇದ್ದರು. ಬೇರೆ ಯಾರನ್ನೋ ಎಂದುಕೊಂಡು ನಾನು ಬದನೆಕಾಯಿ ಆರಿಸುತ್ತಲೇ ಇದ್ದೆ. ಕೊನೆಗೆ ನನ್ನ ಶಾಲೆಯ ಗೆಳತಿ ಬಂದು ಬೆನ್ನಿಗೊಂದು ಗುದ್ದಿ, "ಕಿವುಡಿ ಆಗೀಯೇನ?" ಅಂದಳು.

ಅದು ನೆನಪಾಯಿತು. ನಿಮ್ಮ ಅವ್ವನಿಗೆ ಹೇಳಿದೆ.

"ತಾಟ ಹಿಡದಾಕಿ ನಾನಽ ಹೌದಲ್ಲ? ಆ ಅಕ್ಕಿ ಬಳದು ಅನ್ನಕ್ಕ ಇಡಾಕಿನೂ ನಾನಽ. ಭಡಂಗ ಬಿಚ್ಚು, ಹಸಿವ್ಯಾಗೈತಿ."

ಅವಳು ಬಿಚ್ಚಿದಳು. ನಿಮ್ಮ ಪಾಲಿಗೆ ಅವತ್ತು ಏನೂ ಉಳಿಯಲಿಲ್ಲ.

ಪ್ರತಿಜ್ಞಾಪತ್ರಕ್ಕೆ ಹಾತಕಣಂಗಲೆಯ ತಹಸೀಲ ಕಚೇರಿಗೆ ಹೋದೆವು. ಜನವೋ ಜನ. ಎಂದಿನಂತೆ ನಾನು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೆ. ಒಳಗಿದ್ದ ಅಧಿಕಾರಿ ಹೆಣ್ಣುಮಗಳು. ಈ ಎರಡೂ ಹೆಸರಿನವಳು ಒಬ್ಬಳೇ ಎಂದು ಹೇಳುವವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ನಿಮ್ಮ ಅಪ್ಪನಿಗೆ ಅವತ್ತು ಪಾಳಿಯಿಂದ ರಜೆ ಸಿಕ್ಕಿರಲಿಲ್ಲ. ನಿಮ್ಮ ಅವ್ವ ಹಿಂದಿರುಗಿ ನನ್ನ ಕಡೆ ನೋಡಿದಳು. ಅವಳೊಂದಿಗೆ ಅಲ್ಲಿದ್ದವರೆಲ್ಲ ನೋಡಿದರು.

ಪದ್ಯ ಹೇಳಲಾಗದೆ ನಿಂತ ಹುಡುಗಿ ಮತ್ತೆ ಅಲ್ಲೇ ನಿಂತಿದ್ದಳು. ಈಗಲೂ ಬಾಯಿ ತೆರೆಯದಿದ್ದರೆ ಇವಳ ಓದೆಲ್ಲ ನೀರುಪಾಲು ಅನ್ನಿಸಿತು. ಸೆರಗು ಸರಿಮಾಡಿಕೊಂಡು ಮೇಜಿನ ಮುಂದೆ ಹೋದೆ.

"ಬಾಯೀಸಾಹೇಬ, ಹೀ ಮಾಝೀ ಸೂನ. ತಾಟ ಮೀ ಧರಲಂ ಹೋತಂ" ಅಂದೆ. ಇವಳು ನನ್ನ ಸೊಸೆ, ತಾಟು ಹಿಡಿದವಳು ನಾನು. ನನ್ನ ಮರಾಠಿ ಅಷ್ಟಕ್ಕೇ ತೀರಿಹೋಯಿತು.

ಆ ಬಾಯೀಸಾಹೇಬರು ನಕ್ಕರು. "ಆಯೀ, ಕನ್ನಡದಾಗಽ ಹೇಳ್ರಿ, ಸಾವಕಾಶ. ನಮ್ಮ ಅವ್ವನೂ ಕನ್ನಡದಾಕಿನಽ."

ಮತ್ತೆ ಕೇಳಬೇಕೆ? ಅಕ್ಕಿ, ಉಂಗುರ, ಕಾಲೇಜು, ಕ್ರೆಡಿಟ್ಟು ಎಲ್ಲ ಹೇಳಿದೆ.

"ಸೊಸಿಗೆ ತವರಿನ ಹೆಸರು ತಿರುಗಿ ಕೊಡಸಾಕ ಬಂದ ಅತ್ತಿನ್ನ ಇವತ್ತಽ ನೋಡಿದೆ. ಯಾಕ್ರಿ, ನೀವಿಟ್ಟ ಹೆಸರು ಚಂದ ಇರಲಿಲ್ಲೇನು?"

"ಭಾಳ ಚಂದ ಇತ್ರಿ. ಆದ್ರ ಓದಾಕ ಶುರು ಮಾಡಿದಾಕಿ ಮೊದಲಿನ ಹೆಸರಿನಾಕಿ. ಮುಗಸಾಕಿನೂ ಆಕಿನಽ ಇರ್ಲಿ."

ಅವರು ಸಹಿ ಮಾಡಿದರು.

ಮನೆಯಲ್ಲಿ ನಿಮ್ಮ ಅಪ್ಪ, "ಯವ್ವಾ, ಆಕಿ ಹೆಸರಿನ್ಯಾಗಿಂದ ನನ್ನ ಹೆಸರು ತಗದಽ ಬಿಟ್ಟೆಲ್ಲ! ನಾ ಎಲ್ಲಿ ಹೋಗ್ಲಿ?" ಅಂದ.

"ರೇಶನ್ ಕಾರ್ಡಿನ್ಯಾಗ ಆರಾಮ ಇರು" ಅಂದೆ. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಆಧಾರ ತಿದ್ದಿಸಲು ಸರದಿಯಲ್ಲಿ ನಿಂತವನೂ ಅವನೇ.

ಗೆಜೆಟ್‌ನಲ್ಲಿ ಹೆಸರು ಬಂತು, ಆಧಾರ ಬಂತು. ಒಂದು ಬೆಳಿಗ್ಗೆ ಅಂಗನವಾಡಿಗೆ ಹೊರಟ ನಿಮ್ಮ ಅವ್ವ ಫೋನ್ ನೋಡುತ್ತ ಹೊಸ್ತಿಲ ಮೇಲೇ ಕೂತುಬಿಟ್ಟಳು. ಎಲ್ಲ ಕ್ರೆಡಿಟ್ಟೂ ಒಂದೇ ಖಾತೆಯಲ್ಲಿ, ಒಂದೇ ಹೆಸರಿನಲ್ಲಿ. ಕೆಳಗೆ ಪಾಸು ಎಂಬ ಅಕ್ಷರ. ಗಡುವಿಗೆ ಮೊದಲೇ ಅರ್ಜಿ ಹೋಯಿತು. ಕೆಲಸ ಸಿಕ್ಕ ದಿನ ಓಣಿಗೆಲ್ಲ ಹೋಳಿಗೆ ಹಂಚಿದ್ದು ನಿಮಗೂ ನೆನಪಿರಬಹುದು.

ಪದವಿ ಕೊಡುವ ಸಮಾರಂಭಕ್ಕೆ ಎಲ್ಲರೂ ಕೊಲ್ಹಾಪುರಕ್ಕೆ ಹೋದೆವು. ನಿಮ್ಮ ಗಡಹಿಂಗ್ಲಜದ ಅಜ್ಜ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದಿದ್ದರು. ಮೈಕಿನಲ್ಲಿ ಹೆಸರು ಕೂಗಿದರು, ತಂದೆಯ ಹೆಸರು ಸೇರಿಸಿ, ಪೂರ್ತಿಯಾಗಿ. ನಿಮ್ಮ ಅವ್ವ ಏಳಲೇ ಇಲ್ಲ. ಆ ಹೆಸರಿನಿಂದ ಕರೆಸಿಕೊಂಡು ಎಷ್ಟೋ ಕಾಲವಾಗಿತ್ತು. ಆದರೆ ತಮ್ಮ ಹೆಸರು ಕೇಳಿದ ನಿಮ್ಮ ಅಜ್ಜ, ತಮ್ಮನ್ನೇ ಕರೆದರೆಂದು ತಟ್ಟನೆ ಎದ್ದು ಕೈಮುಗಿದು ನಿಂತರು!

ನಾನು ಸಂತೆಯ ಗೆಳತಿಯಂತೆ ಅವಳ ಬೆನ್ನಿಗೊಂದು ಗುದ್ದಿದೆ.

"ಏಳವಾ, ನಿನ್ನನ್ನಽ ಕರ್ಯಾಕತ್ತಾರ."

ಅವಳು ವೇದಿಕೆ ಹತ್ತಿ ಇಳಿಯುವ ತನಕ ನಿಮ್ಮ ಅಜ್ಜ ಕೂರಲಿಲ್ಲ. ಹಿಂದಿನವರು "ಬಸಾ, ಬಸಾ" ಎಂದು ಗದರಿದರೂ ಕೂರಲಿಲ್ಲ. ನಾನೂ ಎದ್ದು ನಿಂತೆ. ಅಷ್ಟು ಜನರ ನಡುವೆ, ಬಾಗಿಲ ಮರೆಯಿಲ್ಲದೆ.

ಈಗ ಮನೆಯಲ್ಲಿ ಎಲ್ಲರೂ ಅವಳನ್ನು ಆ ಹೆಸರಿನಿಂದಲೇ ಕರೆಯುತ್ತೇವೆ. ಆ ಕೌದಿಯೂ ಮುಗಿದಿದೆ, ನೀವು ಹೊದೆಯುವುದು ಅದನ್ನೇ. ಈ ಹಾಳೆಗಳನ್ನು ಅಟ್ಟಕ್ಕೆ ಹಾಕಬೇಡಿರಿ, ಅಲ್ಲಿ ಇಲಿ ಇವೆ. ಅವ್ವನ ಡಿಗ್ರಿ ಇಟ್ಟ ಪ್ಲಾಸ್ಟಿಕ್ ಫೈಲಿನಲ್ಲಿ ಅದರ ಹಿಂದೆಯೇ ಇಡಿರಿ. ಚಿನ್ನವ್ವ, ನಿನ್ನ ಮದುವೆಯಲ್ಲಿ ಯಾರಾದರೂ ಅಕ್ಕಿಯ ತಾಟು ತಂದರೆ, ಗುಂಡ್ಯಾ, ನಿನ್ನ ಮದುವೆಯಲ್ಲಿ ನಿನ್ನ ಕೈಗೆ ಉಂಗುರ ಕೊಟ್ಟರೆ, ಮೊದಲು ಇದನ್ನು ತೆಗೆದು ಓದಿರಿ. ಅಲ್ಲಿಯವರೆಗೆ ಜೋಪಾನ.