ಶಿಲುಬೆ ಕಟ್ಟೆಯಲ್ಲಿ ಇಳಿಯುವವಳು

ಕಾಪುವಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಲ್ಲಿ ನೀರಿನ ವಿಷಯ ಕೇಳಲು ಮನೆಯೊಡತಿ ಲೀಲಕ್ಕನ ಬಳಿ ಹೋದೆ. ಅವರು ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅನ್ನ, ಕೋಳಿ ಸಾರು ಬಡಿಸಿ, ಲೋಟಗಳಿಗೆ ನೀರು ತುಂಬಿಸಿ, ಹೊರಗೆ ಬಂದು ಬಾಗಿಲು ಮುಚ್ಚಿದರು. ಒಳಗೆ ಒಂದು ಜೀವವೂ ಇರಲಿಲ್ಲ.

"ಮೆಲ್ಲ ಮಾತಾಡಿ ಮಾರಾಯ್ರೆ, ಉಣ್ತಾ ಇದ್ದಾರೆ."

"ಯಾರ್ರೀ?"

"ನಮ್ಮವರೇ. ಅಪ್ಪ, ಅಮ್ಮ, ದೊಡ್ಡಣ್ಣ. ಹೋದವರು."

ಸ್ವಲ್ಪ ಹೊತ್ತಾದ ಮೇಲೆ ಅವರು ಬಾಗಿಲು ತಟ್ಟಿದರು. ಒಳಗಿದ್ದವರಿಗೆ ಏಳಲು ಸಮಯ ಕೊಟ್ಟು ತೆರೆದರು. ಅವರ ಮೊಮ್ಮಗಳು ನಿಶ್ಮಿತಾ ನನ್ನ ಮುಖ ನೋಡಿ, "ಅಜ್ಜ ಹೆದರಿದ್ರು, ಹೆದರಿದ್ರು" ಎಂದು ನಕ್ಕಳು. ಹೆದರಿದ್ದು ನಿಜ.

ಇಲ್ಲಿ ಆಟಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ನಮ್ಮ ರೋಣದ ಮನೆಯಲ್ಲಿ ಅದಕ್ಕೆ ಪೂರಾ ಉಲ್ಟಾ. ಸತ್ತವರ ಹೆಸರು ಎತ್ತುವುದೇ ಇಲ್ಲ. ಎತ್ತಿದರೆ ಬರುತ್ತಾರೆ, ಬಂದವರು ಬರಿಗೈಲಿ ಹೋಗುವುದಿಲ್ಲ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವಳ ಹೆಸರು ನನ್ನ ಬಾಯಿಂದ ಬಂದಿಲ್ಲ. ಮಗಳ ಮುಂದೆಯೂ "ನಿಮ್ಮವ್ವ" ಅಷ್ಟೇ.

ಆ ಮಗಳು ಮಣಿಪಾಲದಲ್ಲಿ ನರ್ಸ್. ಅವಳಿರುವುದು ಹಾಸ್ಟೆಲ್ಲಿನಲ್ಲಿ. ಹಾಗಾಗಿ ಅವಳಿಗೆ ಹತ್ತಿರವಿರಲೆಂದು ನಾನು ಕಾಪುವಿನಲ್ಲಿ ಕೋಣೆ ಹಿಡಿದೆ. ಒಂದು ಶಾಲೆಯ ಬಸ್ಸಿನಲ್ಲಿ ಬಾಗಿಲು ತೆರೆದು ಮಕ್ಕಳನ್ನು ಇಳಿಸಿಕೊಡುವ ಕೆಲಸ ಸಿಕ್ಕಿತು. ರೊಟ್ಟಿ ತಿಂದ ಹೊಟ್ಟೆಗೆ ಕುಚ್ಚಲಕ್ಕಿ ಒಗ್ಗಲು ತಿಂಗಳುಗಳೇ ಬೇಕಾದವು. ತುಳು ಕಲಿಸಿದವರು ನಿಶ್ಮಿತಾ ಮತ್ತು ಅವಳ ಗೆಳತಿ ಜೆನಿಟಾ. ಇಬ್ಬರೂ ಒಂಬತ್ತನೇ ತರಗತಿ, ಒಂದೇ ಸೀಟು. "ಮೆಲ್ಲ ಜಪ್ಪುಲೆ ಅಂತ ಹೇಳಿ ಅಜ್ಜ, ನಿಧಾನ ಇಳೀರಿ ಅಂತ" ಎಂದು ಜೆನಿಟಾ ಹೇಳಿಕೊಟ್ಟಳು. ನಾನು ತಪ್ಪಿದರೆ ಇಡೀ ಬಸ್ಸು ನಗುತ್ತಿತ್ತು. ಶಿಲುಬೆ ಕಟ್ಟೆಯ ಸ್ಟಾಪಿನಲ್ಲಿ ಜೆನಿಟಾ ಒಬ್ಬಳೇ ಇಳಿಯುತ್ತಿದ್ದಳು. ಅವಳಿಗೆ ದಿನವೂ ಹಾಗೆಯೇ ಹೇಳುತ್ತಿದ್ದೆ.

ಮಳೆ ಮುಗಿಯುವ ಹೊತ್ತಿಗೆ ಜೆನಿಟಾ ಜ್ವರ ಬಂದು ತೀರಿಕೊಂಡಳು.

ಶಾಲೆಯಲ್ಲಿ ಎಲ್ಲರನ್ನೂ ಒಂದು ನಿಮಿಷ ಮೌನವಾಗಿ ನಿಲ್ಲಿಸಿದರು. ಆಮೇಲೆ ಗಣಿತ ಪರೀಕ್ಷೆ ನಡೆಯಿತು. ಜೊತೆಗೆ ಕೂರುತ್ತಿದ್ದವಳನ್ನು ಕರೆದು ಎರಡು ಮಾತು ಕೇಳಿದವರಿಲ್ಲ.

ನಿಶ್ಮಿತಾ ಪಕ್ಕದ ಜಾಗದಲ್ಲಿ ಚೀಲವಿಟ್ಟು ಕಾಯ್ದಿಡತೊಡಗಿದಳು. ಶಿಲುಬೆ ಕಟ್ಟೆ ಹತ್ತಿರವಾದಾಗ ಚೀಲ ತೆಗೆದು, ಕಾಲು ಮಡಚಿ ದಾರಿ ಬಿಡುತ್ತಿದ್ದಳು. ಅಲ್ಲಿಯವರೆಗೂ ಖಾಲಿ ಜಾಗದ ಕಡೆ ತಿರುಗಿ ಪಿಸುಮಾತು. ವಿಚಿತ್ರವೆಂದರೆ ಬಸ್ಸು ಅಲ್ಲಿ ನಿಲ್ಲುತ್ತಲೇ ಇತ್ತು.

"ಇಲ್ಯಾಕ ನಿಲ್ಲಸ್ತೀಯೋ ಹಸನಬ್ಬ?" ಎಂದು ಡ್ರೈವರನ್ನು ಕೇಳಿದೆ.

"ಕಾಲು ತನ್ನಷ್ಟಕ್ಕೇ ಬ್ರೇಕಿಗೆ ಹೋಗ್ತದೆ ಅಜ್ಜ. ನೀವು ಬಾಗಿಲು ತೆಗೆಯುದು ಎಂತಕ್ಕೆ?"

ಆಗಲೇ ತಿಳಿದದ್ದು. ನನ್ನ ಕೈ ಚಿಲಕದ ಮೇಲಿತ್ತು, ಬಾಗಿಲು ತೆರೆದಿತ್ತು.

ಹಿಂದಿನ ಸೀಟಿನ ಹುಡುಗರು, "ಏ, ಜೆನಿಟಾ ಇಳಿದಳಾ? ಬಾಗಿಲು ಹಾಕಿ ಅಜ್ಜ, ಚಳಿ!" ಎಂದು ಕೂಗಿದರು. ಚಿಕ್ಕ ಮಕ್ಕಳು ಅತ್ತರು. ಮರುದಿನ ನಿಶ್ಮಿತಾ ಹತ್ತುವಾಗ ಮೆಟ್ಟಿಲಲ್ಲೇ ತಡೆದು ಹೇಳಿದೆ: "ಆಕಿ ಹೆಸರು ತಗೀಬ್ಯಾಡವಾ. ಕರದ್ರ ಬರ್ತಾಳ. ಬಂದ್ರ ನಿನ್ನೂ ಕರ್ಕೊಂಡು ಹೋಗ್ತಾಳ."

ಅವಳು ಹೆಸರನ್ನಷ್ಟೇ ಬಿಡಲಿಲ್ಲ, ಮಾತನ್ನೇ ಬಿಟ್ಟಳು. ಬಸ್ಸಿನಲ್ಲಿ, ತರಗತಿಯಲ್ಲಿ, ಮನೆಯಲ್ಲಿ. ತುಟಿಗಳನ್ನು ಒಳಗೆಳೆದುಕೊಂಡು, ಒಳಗಿಂದ ಏನೋ ತಪ್ಪಿಸಿಕೊಳ್ಳದಂತೆ ಕೂರುತ್ತಿದ್ದಳು. ಮುಖ್ಯೋಪಾಧ್ಯಾಯಿನಿಗೆ ಸಮಾಧಾನವೇ ಆಯಿತು: "ಈಗ ಸ್ವಲ್ಪ ಶಿಸ್ತು ಬಂದಿದೆ ಅಲ್ವಾ?" ಲೀಲಕ್ಕ ಅನ್ನದ ತಟ್ಟೆ ಹಿಡಿದು ಅವಳ ಹಿಂದೆ ಅಲೆಯುತ್ತಿದ್ದರು. "ಎಂತ ಹೊಕ್ಕಿತೋ ಈ ಮಗುವಿಗೆ!" ಎಂದು ನನ್ನ ಬಳಿಯೇ ಬಂದು ಅತ್ತರು. ಹೊಕ್ಕದ್ದು ಏನೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಕಡೆಗೆ ನನ್ನ ಮಗಳೇ ಮಣಿಪಾಲದಲ್ಲಿ ಮನಸ್ಸಿನ ಡಾಕ್ಟರರಿಗೆ ತೋರಿಸಲು ಏರ್ಪಾಡು ಮಾಡಿದಳು. ಜೊತೆಗೆ ನಾನೂ ಹೋದೆ. ದೇಶದ ಮೂಲೆಮೂಲೆಯಿಂದ ಜನ ಚಿಕಿತ್ಸೆಗೆ ಬರುವ ಊರು. ಇಷ್ಟು ಹತ್ತಿರದ ನಮ್ಮ ಶಾಲೆಗೆ ಅಲ್ಲಿಂದ ಒಬ್ಬರೂ ಬಂದಿರಲಿಲ್ಲ, ಬನ್ನಿ ಎಂದು ಶಾಲೆಯವರು ಕರೆದೂ ಇರಲಿಲ್ಲ.

"ಶಾಲೆಯಲ್ಲಿ ಇವಳ ಹತ್ತಿರ ಇದರ ಬಗ್ಗೆ ಯಾರಾದರೂ ಮಾತಾಡಿದ್ರಾ?" ಡಾಕ್ಟರಮ್ಮ ಕೇಳಿದರು.

"ಯಾರೂ ಇಲ್ಲ" ಎಂದರು ಲೀಲಕ್ಕ.

ನಿಶ್ಮಿತಾ ನನ್ನನ್ನೇ ನೋಡುತ್ತಿದ್ದಳು. ಆ ಶಾಲೆಯಲ್ಲಿ ಅವಳ ದುಃಖದ ಬಗ್ಗೆ ಮಾತಾಡಿದವನು ನಾನೊಬ್ಬನೇ. ಆಡಿದ್ದು ಆ ಮಾತು. ಎದ್ದು ನಿಂತು ಹೇಳಿಬಿಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. "ಹಾಗಾದರೆ ಆ ಮಾತನ್ನು ನೀವೇ ವಾಪಸ್ ತಗೊಳ್ಳಬೇಕು ಅಜ್ಜ. ಇವಳ ಎದುರಿಗೇ. ಚಿಕಿತ್ಸೆ ನಾವು ಮಾಡ್ತೇವೆ." ಶಾಲೆಗೂ ಪತ್ರ ಬರೆದುಕೊಟ್ಟರು, ಮಕ್ಕಳ ಮಾತು ಕೇಳಲು ಒಬ್ಬರನ್ನು ಇಟ್ಟುಕೊಳ್ಳಿ ಎಂದು. ಆಮೇಲೆ ಅದನ್ನು ಓದಿದ ಮುಖ್ಯೋಪಾಧ್ಯಾಯಿನಿ, "ಗಣಿತಕ್ಕೇ ಟೀಚರ್ ಇಲ್ಲ, ಇದಕ್ಕೆ ಎಲ್ಲಿಂದ ತರುದು?" ಎಂದರು. ಮಣಿಪಾಲದಿಂದ ಹಿಂದಿರುಗುವಾಗ ಲೀಲಕ್ಕ ದಾರಿಯುದ್ದಕ್ಕೂ ಕಿಟಕಿಯತ್ತ ಮುಖ ಮಾಡಿದ್ದರು. ಇಳಿಯುವ ಮುಂಚೆ, "ನನ್ನ ಹತ್ತಿರವಾದರೂ ಹೇಳಬಹುದಿತ್ತಲ್ಲ ನೀವು" ಎಂದರು, ಅಷ್ಟೇ.

ಮರುದಿನ ಸಂಜೆ ಶಿಲುಬೆ ಕಟ್ಟೆಯಲ್ಲಿ ಬಸ್ಸು ನಿಂತಿತು. ಬಾಗಿಲು ತೆರೆದೆ. ಚಿಲಕ ಹಿಡಿದೇ ನಿಶ್ಮಿತಾಳ ಮುಖ ನೋಡಿದೆ.

"ನಿಶ್ಮಿತಾ, ನಾ ಅಂದದ್ದು ಸುಳ್ಳವ್ವ" ಎಂದೆ. ಆಮೇಲೆ ಖಾಲಿ ಜಾಗದ ಕಡೆ ತಿರುಗಿದೆ. "ಜೆನಿಟಾ, ಮೆಲ್ಲ ಜಪ್ಪುಲೆ."

ಹುಡುಗರು ನಗಲಿಲ್ಲ. ಹೊರಗಿನ ಗಾಳಿ ಒಳಗೆ ಬಂತು. ಕಾದೆ.

"ಅವಳು ಇವತ್ತು ಬರಲಿಲ್ಲ ಅಜ್ಜ" ಎಂದಳು ನಿಶ್ಮಿತಾ. ತುಕ್ಕು ಹಿಡಿದಂಥ ದನಿ. ಹೇಳಿ ಜೋರಾಗಿ ಅಳತೊಡಗಿದಳು.

ಅವಳು ಈಗಲೂ ಮಣಿಪಾಲಕ್ಕೆ ಹೋಗಿಬರುತ್ತಾಳೆ. ಮಾತು ಅಷ್ಟಿಷ್ಟು ಮರಳಿದೆ. ಶಾಲೆಯಲ್ಲಿ ಇನ್ನೂ ಯಾರನ್ನೂ ಇಟ್ಟಿಲ್ಲ.

ಈ ಆಟಿಯಲ್ಲಿ ಲೀಲಕ್ಕ ಎಲೆ ಹಾಕುವಾಗ ನನ್ನನ್ನು ಕರೆದರು. "ನಿಮ್ಮವರ ಹೆಸರೆಂತ? ಇನ್ನೊಂದು ಎಲೆ ಉಂಟು." ಹೇಳಿದೆ. ಶಾಂತವ್ವ. ಮುಚ್ಚಿದ ಬಾಗಿಲಿನ ಈಚೆ, ಅವಳು ಉಂಡೇಳುವಷ್ಟು ಹೊತ್ತು ಕೂತೆ. ಊರಿಗೆ ಹೋದಾಗ ನಮ್ಮವರ ಮುಂದೆ ಅವಳನ್ನು ಮತ್ತೆ "ನಮ್ಮ ಮನಿಯಾಕಿ" ಎಂದೇ ಅನ್ನುತ್ತೇನೆ. ಅಲ್ಲಿ ಹೆಸರು ಬಾಯಿಗೆ ಬರುವುದಿಲ್ಲ. ಅವಳನ್ನು ಮಣ್ಣು ಮಾಡಿದ್ದು ರೋಣದಲ್ಲಿ. ಕರೆದರೆ ಬರುವುದು ಮಾತ್ರ ಇಲ್ಲಿಗೆ, ಅವಳು ಒಮ್ಮೆಯೂ ನೋಡಿರದ ಈ ಕಡಲಿನ ಊರಿಗೆ.